ಬಿಳಿಯರು, ಕಪ್ಪು ಜನ, ಏಷ್ಯನ್ನರು ಸೇರಿ ನೂರು ಆಯ್ತು, ಮತ್ತೆ ಈ ‘ಹಿಸ್ಪ್ಯಾನಿಕ್’ ಯಾರು?

ಪ್ರಶ್ನೆ: ಮಗಳಿಗೆ ಅಮೆರಿಕದ ಒಂದು ಸಣ್ಣ ಊರಲ್ಲಿ ಕೆಲಸ ಸಿಕ್ಕಿದೆ. ಊರು ಹೇಗಿದೆ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಬಿಳಿಯರು ಶೇಕಡಾ ಇಷ್ಟು, ಕಪ್ಪು ಜನ ಇಷ್ಟು, ಏಷ್ಯನ್ನರು ಇಷ್ಟು ಅಂತ ಇತ್ತು. ಕೂಡಿಸಿದರೆ ಸರಿಯಾಗಿ ನೂರು. ಅದರ ಕೆಳಗೆ ‘ಯಾವುದೇ ಜನಾಂಗದ ಹಿಸ್ಪ್ಯಾನಿಕರು ಶೇ 30’ ಅಂತ ಇನ್ನೊಂದು ಸಾಲು. ಹಾಗಾದರೆ ನೂರಮೂವತ್ತು ಆಯ್ತಲ್ಲ! ನನ್ನ ಲೆಕ್ಕ ತಪ್ಪಾ, ಅವರದ್ದು ತಪ್ಪಾ?

ಉತ್ತರ: ಯಾರದ್ದೂ ತಪ್ಪಲ್ಲ. ನೀವು ಕೂಡಿಸಿದ್ದು ಎರಡು ಬೇರೆ ಬೇರೆ ಪ್ರಶ್ನೆಗಳ ಉತ್ತರವನ್ನು. ಅದನ್ನು ಕೂಡಿಸುವ ಹಾಗಿಲ್ಲ.

ಮಂಗಳೂರಿನ ಒಂದು ಬೀದಿಯನ್ನೇ ನೆನೆಸಿಕೊಳ್ಳಿ. ಧರ್ಮ ಯಾವುದು ಅಂತ ಕೇಳಿದರೆ ಹಿಂದೂ, ಕ್ರೈಸ್ತ, ಮುಸ್ಲಿಂ ಎಲ್ಲ ಸೇರಿ ನೂರಾಗುತ್ತದೆ. ಆಮೇಲೆ ಮನೆಮಾತು ಕೊಂಕಣಿ ಇರುವವರು ಎಷ್ಟು ಅಂತ ಕೇಳಿದರೆ ಅದು ಇನ್ನೊಂದು ಲೆಕ್ಕ. ಕೊಂಕಣಿಯವರಲ್ಲಿ ಗೌಡ ಸಾರಸ್ವತರೂ ಇದ್ದಾರೆ, ಕೆಥೊಲಿಕರೂ ಇದ್ದಾರೆ. ಅವರನ್ನು ಮೊದಲ ನೂರರಲ್ಲೇ ಎಣಿಸಿ ಆಗಿದೆ. ಹಿಸ್ಪ್ಯಾನಿಕರ, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರ, ಕಥೆಯೂ ಅಷ್ಟೇ.

ಅಮೆರಿಕದ ಜನಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ, 1790ರಿಂದ ತಪ್ಪಿಲ್ಲ. 2020ರ ಫಾರಂನಲ್ಲಿ ಈ ವಿಷಯಕ್ಕೆ ಎರಡು ಪ್ರಶ್ನೆ ಇದ್ದವು, ಒಂದರ ಹಿಂದೆ ಒಂದು. ನೀವು ಹಿಸ್ಪ್ಯಾನಿಕ್ ಮೂಲದವರಾ, ಅಂದರೆ ಮೆಕ್ಸಿಕೊ, ಕ್ಯೂಬಾ, ಪೋರ್ಟೊ ರಿಕೊ ಕಡೆಯವರಾ ಅನ್ನುವುದು ಮೊದಲನೆಯದು. ನಿಮ್ಮ ಜನಾಂಗ ಯಾವುದು ಅನ್ನುವುದು ಎರಡನೆಯದು. ಈ ಗಣತಿಯ ಮಟ್ಟಿಗೆ ಹಿಸ್ಪ್ಯಾನಿಕ್ ಅನ್ನುವುದು ಜನಾಂಗವಲ್ಲ, ಎರಡಕ್ಕೂ ಉತ್ತರ ಕೊಡಿ ಅಂತ ಫಾರಂ ಮೇಲೇ ಅಚ್ಚಾಗಿತ್ತು.

ಕಾಗದದ ಮೇಲೆ ಚೆನ್ನಾಗಿದೆ. ಫಾರಂ ತುಂಬುವವರ ಕಷ್ಟ ಬೇರೆ. ಮೆಕ್ಸಿಕೊದಿಂದ ಬಂದು ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಮೊದಲ ಪ್ರಶ್ನೆಗೆ ‘ಹೌದು, ಮೆಕ್ಸಿಕನ್’ ಅಂತ ಟಿಕ್ ಹಾಕುತ್ತಾರೆ. ಎರಡನೆಯದಕ್ಕೆ ಬಂದರೆ ಬಿಳಿ, ಕಪ್ಪು, ಅಮೆರಿಕದ ಮೂಲನಿವಾಸಿ, ಏಷ್ಯನ್ನರ ಹಲವು ಚೌಕ, ಪೆಸಿಫಿಕ್ ದ್ವೀಪದವರು. ತಾನು ಇದರಲ್ಲಿ ಯಾವುದೂ ಅಲ್ಲವಲ್ಲ! ಕೊನೆಗೆ ‘ಇತರ ಜನಾಂಗ’ ಅನ್ನುವ ಚೌಕಕ್ಕೆ ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಮತ್ತೆ ‘ಮೆಕ್ಸಿಕನ್’ ಅಂತಲೇ ಬರೆಯುತ್ತಾರೆ. ಹೀಗೆ ಮಾಡುವವರು ಎಷ್ಟು ಜನ ಅಂದರೆ, 2020ರಲ್ಲಿ ಈ ‘ಇತರ’ವನ್ನು ಒಂಟಿಯಾಗಿಯೋ ಬೇರೆಯದರ ಜೊತೆಗೋ ಆರಿಸಿಕೊಂಡವರು ಸುಮಾರು 5 ಕೋಟಿ. ಬಿಳಿಯರ ನಂತರದ ಎರಡನೇ ದೊಡ್ಡ ಗುಂಪು ಅದೇ. ‘ಇತರೆ’ ಅನ್ನುವ ಖಾನೆ ಎರಡನೇ ಸ್ಥಾನಕ್ಕೆ ಬಂತು ಅಂದರೆ ಜನರಲ್ಲಿ ಏನೂ ದೋಷವಿಲ್ಲ. ಫಾರಂ ಮಾಡಿದವರೇ ಸ್ವಲ್ಪ ತಲೆ ಕೆರೆದುಕೊಳ್ಳಬೇಕು, ಅಲ್ವಾ?

ಕೆರೆದುಕೊಂಡರು ಕೂಡ. ಎರಡೂ ಪ್ರಶ್ನೆಯನ್ನು ಸೇರಿಸಿ ಒಂದೇ ಮಾಡಬೇಕು, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕದವರಿಗೆ ಬೇರೆ ಚೌಕ ಕೊಡಬೇಕು ಅಂತ 2024ರ ಮಾರ್ಚ್‌ನಲ್ಲಿ ಹೊಸ ನಿಯಮ ಹೊರಡಿಸಿದರು. ಅಲ್ಲಿಯವರೆಗಿನ ನಿಯಮದಲ್ಲಿ ಅರಬರು, ಇರಾನಿನವರು ಎಲ್ಲ ಬಿಳಿಯರ ಲೆಕ್ಕಕ್ಕೇ ಹೋಗುತ್ತಿದ್ದರು. ನೀವು ನೋಡಿದ ಅಂಕಿ ಹಳೆಯ ನಿಯಮದ್ದು.

ಈಗ ನಮ್ಮವರ ವಿಷಯ. ಇದು ಇನ್ನೂ ಮಜವಾಗಿದೆ. ಗಣತಿದಾರರು ಮನೆ ಬಾಗಿಲಿಗೆ ಬಂದು, ಎದುರು ನಿಂತವರ ಜನಾಂಗವನ್ನು ತಾವೇ ಬರೆದುಕೊಂಡು ಹೋಗುತ್ತಿದ್ದ ಕಾಲ ಒಂದಿತ್ತು. ಜನರು ತಾವೇ ಗುರುತು ಹಾಕಲು ಶುರುಮಾಡಿದ್ದು 1960ರಿಂದ ಈಚೆಗೆ. 1920, 1930 ಮತ್ತು 1940ರ ಗಣತಿಯಲ್ಲಿ ಭಾರತದಿಂದ ಹೋದವರಿಗೆ ಇದ್ದ ಜನಾಂಗದ ಹೆಸರು ‘ಹಿಂದೂ’. ಆಗ ಅಲ್ಲಿದ್ದ ಭಾರತೀಯರಲ್ಲಿ ಹೆಚ್ಚಿನವರು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಸಿಖ್ಖರು! ತಲೆಯ ಮೇಲೆ ಪಗಡಿ, ಕಾಗದದ ಮೇಲೆ ಹಿಂದೂ. ಭಗತ್ ಸಿಂಗ್ ಥಿಂಡ್ ಅನ್ನುವ ಸಿಖ್ಖರೊಬ್ಬರು ಅಮೆರಿಕದ ಸೇನೆಯಲ್ಲಿ ಇದ್ದವರು, ಪೌರತ್ವ ಕೇಳಿದ್ದರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಾಮಾನ್ಯ ಜನರ ತಿಳಿವಳಿಕೆಯ ಪ್ರಕಾರ ನೀವು ಬಿಳಿಯರಲ್ಲ, ಪೌರತ್ವವಿಲ್ಲ ಅಂದುಬಿಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಕಾನೂನಿನಿಂದ.

ಹಾಗೆ ಅಂದ ದೇಶವೇ 1970ರ ಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಎಣಿಸಿತು. ಇದು ಬೇಡ, ನಮಗೆ ನಮ್ಮದೇ ಚೌಕ ಕೊಡಿ ಅಂತ ಅಲ್ಲಿನ ಭಾರತೀಯರ ಸಂಘ ಓಡಾಡಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಬಂತು. ಬರೀ ‘ಇಂಡಿಯನ್’ ಅಂದರೆ ಸಾಕಿತ್ತು, ಆದರೆ ಆ ಹೆಸರನ್ನು ಕೊಲಂಬಸ್ ಬಹಳ ಹಿಂದೆಯೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದನಲ್ಲ. ಅಂದರೆ ಒಬ್ಬನೇ ಮನುಷ್ಯ ಅದೇ ಮನೆಯಲ್ಲಿ ಕೂತು 1940ರಲ್ಲಿ ಹಿಂದೂ, 1970ರಲ್ಲಿ ಬಿಳಿಯ, 1980ರಲ್ಲಿ ಏಷ್ಯನ್ ಆಗಬಹುದಿತ್ತು.

ಆದ್ದರಿಂದ ಎರಡು ಗಣತಿಗಳನ್ನು ಪಕ್ಕಪಕ್ಕ ಇಟ್ಟು ‘ಈ ಊರು ಬದಲಾಗಿಬಿಟ್ಟಿದೆ’ ಅನ್ನುವ ಮುಂಚೆ ಫಾರಂ ಬದಲಾಯಿತಾ ನೋಡಿ. ಒಂದಕ್ಕಿಂತ ಜಾಸ್ತಿ ಜನಾಂಗಕ್ಕೆ ಟಿಕ್ ಹಾಕಲು ಬಿಟ್ಟಿದ್ದು 2000ದಲ್ಲಿ. ಹಾಗೆ ಹಾಕಿದವರು 2010ರಲ್ಲಿ ಸುಮಾರು 90 ಲಕ್ಷ ಇದ್ದರು, 2020ರಲ್ಲಿ 3.38 ಕೋಟಿ. ಹತ್ತು ವರ್ಷದಲ್ಲಿ ಅಷ್ಟೊಂದು ಅಂತರ್ಜನಾಂಗೀಯ ಮದುವೆ ಆದವಾ? ಇಲ್ಲ. ಬಿಳಿ, ಕಪ್ಪು ಚೌಕಗಳ ಕೆಳಗೂ ಮೂಲ ಬರೆಯಲು ಖಾಲಿ ಗೆರೆ ಕೊಟ್ಟರು, ಬರೆದದ್ದನ್ನು ಮೊದಲಿಗಿಂತ ಪೂರ್ತಿಯಾಗಿ ಓದಿ ವಿಂಗಡಿಸಿದರು. ಏರಿಕೆಯಲ್ಲಿ ದೊಡ್ಡ ಪಾಲು ಅದರಿಂದಲೇ ಬಂದದ್ದು.

ಸಣ್ಣ ಊರು ಅಂದಿರಲ್ಲ, ಅಲ್ಲಿ ಇನ್ನೂ ಎರಡು ಮೂರು ಪೇಚು ಇವೆ.

ಒಂದು, ಶೇಕಡಾ ಅನ್ನುವುದೇ ಸಣ್ಣ ಊರಿಗೆ ಸರಿಹೊಂದುವ ಅಳತೆ ಅಲ್ಲ. 50 ಜನರ ಊರಿಗೆ ಗಂಡ, ಹೆಂಡತಿ, ಎರಡು ಮಕ್ಕಳ ಒಂದು ಕುಟುಂಬ ಬಂದರೆ ಏಷ್ಯನ್ನರು ಶೇ 7 ದಾಟುತ್ತಾರೆ. ಅವರು ಮನೆ ಖಾಲಿ ಮಾಡಿದರೆ ಸೊನ್ನೆ. ಅದಕ್ಕೇ ಶೇಕಡಾ ಬಿಟ್ಟು ತಲೆ ಎಣಿಕೆ ನೋಡಿ.

ಇನ್ನೊಂದು, ಜೈಲು. ಕೈದಿಗಳನ್ನು ಅವರ ಸ್ವಂತ ಊರಲ್ಲಿ ಎಣಿಸುವುದಿಲ್ಲ, ಜೈಲು ಇರುವ ಊರಲ್ಲೇ ಎಣಿಸುತ್ತಾರೆ. ಅಯೋವಾ ರಾಜ್ಯದ ಅನಮೋಸಾ ಅನ್ನುವ ಪಟ್ಟಣದ ಒಂದು ವಾರ್ಡ್‌ನಲ್ಲಿ ಸುಮಾರು 1,400 ಜನರಲ್ಲಿ 1,300ಕ್ಕೂ ಹೆಚ್ಚು ಜನ ಜೈಲಿನ ಗೋಡೆಯ ಒಳಗಿದ್ದರು. ಅವರಿಗೆ ಮತ ಹಾಕುವ ಹಾಗಿಲ್ಲ. 2005ರಲ್ಲಿ ಅಲ್ಲಿಂದ ಒಬ್ಬರು ಕೌನ್ಸಿಲ್‌ಗೆ ಆಯ್ಕೆಯಾದದ್ದು ಎರಡೇ ಎರಡು ಮತದಿಂದ! ಹೊಲ, ಕಾಡಿನ ನಡುವಿನ ಊರಿಗೆ ಹೀಗೊಂದು ಜೈಲು ಬಂದರೆ, ದೂರದ ನಗರಗಳ ಕಪ್ಪು ಯುವಕರೆಲ್ಲ ಆ ಊರಿನ ನಿವಾಸಿಗಳಾಗಿ ಲೆಕ್ಕಕ್ಕೆ ಬರುತ್ತಾರೆ. ಅಂಕಿ ನೋಡಿದರೆ ಎಲ್ಲರೂ ಬೆರೆತು ಬಾಳುವ ಊರು. ಪೇಟೆ ಬೀದಿಯಲ್ಲಿ ನಡೆದರೆ ಹಾಗೆ ಕಾಣುವುದಿಲ್ಲ. ದೊಡ್ಡ ಕಾಲೇಜು, ಸೇನಾ ನೆಲೆ ಇರುವ ಊರುಗಳಿಗೂ ಇದೇ ಮಾತು.

ಮೂರನೆಯದು ನನಗೆ ಬಹಳ ಇಷ್ಟವಾದ ಊರಿನದ್ದು. ನೆಬ್ರಾಸ್ಕಾದ ಮೊನೊವೈ. 2010ರ ಗಣತಿಯಲ್ಲಿ ಅಲ್ಲಿ ಇದ್ದದ್ದು ಒಬ್ಬರೇ, ಒಬ್ಬ ವಯಸ್ಸಾದ ಮಹಿಳೆ. ಅವರೇ ಮೇಯರ್, ಅವರೇ ಅಲ್ಲಿನ ಒಂದೇ ಒಂದು ಬಾರ್ ನಡೆಸುವವರು, ತೀರಿಹೋದ ಗಂಡನ ಪುಸ್ತಕಗಳ ಪುಟ್ಟ ಲೈಬ್ರರಿ ನೋಡಿಕೊಳ್ಳುವವರೂ ಅವರೇ. ಜನಾಂಗದ ಲೆಕ್ಕ: ಬಿಳಿಯರು ಶೇ 100. ಒಬ್ಬರೇ ಇರುವ ಊರಲ್ಲಿ ಅದು ಊರಿನ ಅಂಕಿಯಲ್ಲ, ಆ ಅಜ್ಜಿ ತುಂಬಿದ ಫಾರಂ! ಗಣತಿಯಲ್ಲಿ ಹೇಳಿದ್ದನ್ನು ಗುಟ್ಟಾಗಿ ಇಡುತ್ತೇವೆ ಅಂತ ಕಾನೂನೇ ಇದೆ, ಇಲ್ಲಿ ಏನು ಗುಟ್ಟು ಉಳಿಯಿತು? ಅದಕ್ಕೇ 2020ರಲ್ಲಿ ಸಣ್ಣ ಜಾಗಗಳ ಅಂಕಿಗೆ ಬೇಕಂತಲೇ ಅಷ್ಟಿಷ್ಟು ಸೇರಿಸಿ, ಕಳೆದು ಪ್ರಕಟಿಸಿದರು. ರಾಜ್ಯದ ಒಟ್ಟು ಜನಸಂಖ್ಯೆಗೆ ಮಾತ್ರ ಕೈ ಹಚ್ಚಲಿಲ್ಲ. ಮೊನೊವೈಯ ಜನಸಂಖ್ಯೆ ಎರಡು ಅಂತ ಬಂತು. ಆ ಎರಡನೆಯವರು ಯಾರು ಅಂತ ಅಜ್ಜಿಗೂ ಗೊತ್ತಿರಲಿಲ್ಲ. ನಿಮ್ಮ ಮಗಳ ಊರು ಇಷ್ಟು ಪುಟ್ಟದಿರಲಾರದು. ಆದರೂ ‘ಪೆಸಿಫಿಕ್ ದ್ವೀಪದವರು 2’ ಅಂತ ಇದ್ದರೆ ಅವರನ್ನು ಹುಡುಕಿಕೊಂಡು ಹೋಗಬೇಡಿ.

ನಿಮಗೆ ಬೇಕಾದದ್ದು ಗಣತಿ ಇಲಾಖೆಯ ವೆಬ್‌ಸೈಟ್‌ನಲ್ಲಿ 2020ರ ‘ಪಿ2’ ಅನ್ನುವ ಪಟ್ಟಿ. ಅದರಲ್ಲಿ ಹಿಸ್ಪ್ಯಾನಿಕರನ್ನು ಮೊದಲೇ ಬೇರೆ ತೆಗೆದು, ಉಳಿದವರನ್ನು ಮಾತ್ರ ಜನಾಂಗವಾಗಿ ಹಂಚಿದ್ದಾರೆ. ಕೂಡಿಸಿದರೆ ನೂರೇ ಬರುತ್ತದೆ, ಮನಸ್ಸಿಗೂ ಸಮಾಧಾನ. ಅದನ್ನು ನೋಡಿದ ಮೇಲೆ ನೀವು ಓದಿದ ‘ಬಿಳಿಯರು’ ಸ್ವಲ್ಪ ಕಡಿಮೆಯಾಗಬಹುದು, ಗಾಬರಿ ಬೇಡ. ಅವರಲ್ಲಿ ಕೆಲವರು ಹಿಸ್ಪ್ಯಾನಿಕ್ ಕಡೆ ಹೋಗಿರುತ್ತಾರೆ ಅಷ್ಟೇ.

ಇನ್ನೊಂದು ಮಾತು. ವೀಸಾದ ಮೇಲೆ ಹೋದವರೂ ಲೆಕ್ಕಕ್ಕೆ ಬರುತ್ತಾರಾ ಅಂತ ಹಲವರು ಕೇಳುತ್ತಾರೆ. ಇಲ್ಲಿಯವರೆಗೆ ನಡೆದು ಬಂದದ್ದು ಹಾಗೆಯೇ. ಪೌರತ್ವ ಇರಲಿ ಬಿಡಲಿ, ಗಣತಿಯ ವರ್ಷ ಏಪ್ರಿಲ್ 1ಕ್ಕೆ ಯಾವ ಮನೆಯಲ್ಲಿ ವಾಸವೋ ಅಲ್ಲೇ ಎಣಿಕೆ. 2020ರಲ್ಲಿ ಬರೀ ಏಷ್ಯನ್ ಇಂಡಿಯನ್ ಅಂತ ಗುರುತಿಸಿಕೊಂಡವರು ಸುಮಾರು 44 ಲಕ್ಷ. ಚೀನೀಯರನ್ನೂ ದಾಟಿ ಏಷ್ಯನ್ನರಲ್ಲಿ ಅದೇ ದೊಡ್ಡ ಗುಂಪು. ಆ 44 ಲಕ್ಷದಲ್ಲಿ ಕನ್ನಡದವರು ಯಾರು ಅಂತ ಆ ಫಾರಂ ಕೇಳುವುದಿಲ್ಲ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳುವುದು ಬೇರೆ ಸಮೀಕ್ಷೆ, ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಮಾತ್ರ ಕಳಿಸುತ್ತಾರೆ. ಮಗಳ ವಿಳಾಸಕ್ಕೆ ಆ ಲಕೋಟೆ ಬಂದರೆ ಜಾಹೀರಾತು ಅಂತ ಕಸದ ಬುಟ್ಟಿಗೆ ಹಾಕಬೇಡ ಅಂತ ಹೇಳಿ. ಭಾಷೆ ಬರೆಯಲು ಅದರಲ್ಲಿ ಖಾಲಿ ಚೌಕಗಳಿರುತ್ತವೆ.