ಎಂಟು ದೀಪ ಹೊತ್ತಿದರೂ ಕೇಬಲ್ ಸರಿಯಿಲ್ಲ

ಸ್ಮಾರ್ಟ್ ಟಿವಿಯ ಬಾಯಿ ಬಹಳ ಜಿಪುಣ. ತಂತಿ ಕಡಿದಿದ್ದರೂ, ರೂಟರ್ ವಿಳಾಸ ಕೊಡದಿದ್ದರೂ, ಟಿವಿಯ ಗಡಿಯಾರವೇ ತಪ್ಪಿದ್ದರೂ ಅದು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ನೆಟ್‌ವರ್ಕ್ ಸಂಪರ್ಕವಿಲ್ಲ. ವೈಫೈ ಕಾಟವೇ ಬೇಡವೆಂದು ಗೋಡೆ ಕೊರೆಸಿ ರೂಟರ್‌ನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಸಿದವರಿಗೆ ಇದನ್ನು ಓದಿ ಸಿಟ್ಟು ಬರದಿರುತ್ತದೆಯೇ?

ಹುಡುಕಾಟವನ್ನು ಕೆಳಗಿನಿಂದ ಶುರುಮಾಡಬೇಕು. ಟಿವಿ ಚಾಲೂ ಇರುವಾಗ ರೂಟರ್‌ನಲ್ಲಿ ಆ ಕೇಬಲ್‌ಗೆ ಸೇರಿದ ಪುಟ್ಟ ದೀಪ ನೋಡಿ. ಅದು ಆರಿದ್ದರೆ ಸೆಟ್ಟಿಂಗ್ಸ್‌ನಲ್ಲಿ ತಡಕಾಡುವುದು ವ್ಯರ್ಥ. ತೊಂದರೆ ಇರುವುದು ತಂತಿಯಲ್ಲಿ ಅಥವಾ ಅದನ್ನು ಸಿಕ್ಕಿಸುವ ಕಿಂಡಿಯಲ್ಲಿ. ಹೊತ್ತಿದ್ದರೆ ಟಿವಿಯ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ನೋಡಿ. ಮನೆಗಳಲ್ಲಿ ಅದು ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. 169.254 ಎಂದಿದ್ದರೆ, ವಿಳಾಸ ಕೊಡಿರೆಂದು ಕೇಳಿ ಯಾರೂ ಓಗೊಡದಿದ್ದಾಗ ಟಿವಿ ತನಗೆ ತಾನೇ ಇಟ್ಟುಕೊಂಡ ವಿಳಾಸವದು. ರೂಟರನ್ನೂ ಟಿವಿಯನ್ನೂ ಆರಿಸಿ ಮತ್ತೆ ಹಚ್ಚಿ. ಟಿವಿಗೆ ರಿಮೋಟ್ ಒತ್ತಿದರೆ ಸಾಲದು, ಪ್ಲಗ್ ಕೀಳಬೇಕು. ವಿಳಾಸ ಸರಿಯಿದ್ದೂ ಆ್ಯಪ್‌ಗಳು ತೆರೆಯದಿದ್ದರೆ ದಿನಾಂಕ ಪರೀಕ್ಷಿಸಿ: ಜಾಲತಾಣಗಳ ಸುರಕ್ಷಾ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ, ಟಿವಿ ಹಳೆಯ ವರ್ಷದಲ್ಲೇ ಕುಳಿತಿದ್ದರೆ ಅವನ್ನು ಒಪ್ಪುವುದಿಲ್ಲ.

ಇಷ್ಟೆಲ್ಲ ಆಗಿಯೂ ಸಂಪರ್ಕ ಬಂದು ಹೋಗಿ ಮಾಡುತ್ತಿದ್ದರೆ ನನ್ನ ಗುಮಾನಿ ಕೇಬಲ್‌ನ ತುದಿಗಳ ಮೇಲೆ. ಅದರಲ್ಲೂ ಮನೆಯಲ್ಲೇ ಕತ್ತರಿಸಿ, ಕ್ರಿಂಪ್ ಮಾಡಿದ, ಅಂದರೆ ಇಕ್ಕಳದಿಂದ ಒತ್ತಿ ಪ್ಲಗ್ ಕೂರಿಸಿದ ತುದಿಗಳ ಮೇಲೆ.

ಲ್ಯಾನ್ ಕೇಬಲ್ ಒಳಗೆ ಎಂಟು ತಂತಿಗಳು, ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳು. ಜೋಡಿಯ ಒಂದು ತಂತಿಯಲ್ಲಿ ಸಂಕೇತ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಆಚೆ ತುದಿ ಓದುವುದು ಇವೆರಡರ ವ್ಯತ್ಯಾಸವನ್ನು ಮಾತ್ರ. ಹೊರಗಿನ ವಿದ್ಯುತ್ ಗದ್ದಲ, ಹೊಸೆದಿರುವ ಕಾರಣ, ಎರಡೂ ತಂತಿಗಳಿಗೆ ಸಮನಾಗಿ ತಗಲುತ್ತದೆ. ವ್ಯತ್ಯಾಸ ತೆಗೆದಾಗ ಅದು ತಾನಾಗಿ ಅಳಿದುಹೋಗುತ್ತದೆ. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ ಉಪಾಯವಿದು. ಇಂದಿಗೂ ನಮ್ಮ ಸಿನಿಮಾ ಅದರ ಮೇಲೆಯೇ ಹರಿದು ಬರುತ್ತದೆ.

ಎಡವಟ್ಟಾಗುವುದು ಕ್ರಿಂಪ್ ಮಾಡುವಾಗ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು ಎಂದು ಬಣ್ಣಗಳನ್ನು ಸಾಲಾಗಿ ಜೋಡಿಸಲು ಕೈ ತುಡಿಯುತ್ತದೆ. ಆದರೆ ಪ್ಲಗ್‌ನ ಎಂಟು ಪಿನ್‌ಗಳಲ್ಲಿ (ತಂತಿ ಕೂರುವ ಲೋಹದ ತುಣುಕುಗಳಲ್ಲಿ) 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಜಾಲ ಬಳಸುವ ಜೋಡಿಗಳು 1-2 ಮತ್ತು 3-6ನೆಯವು. ನಡುವಿನ 4 ಮತ್ತು 5 ಹಳೆಯ ದೂರವಾಣಿ ತಂತಿಯ ಜಾಗ. ಅದನ್ನು ಬಿಟ್ಟುಕೊಡಲೆಂದೇ ಹಸಿರು ಜೋಡಿ ನೀಲಿಯ ಆಚೀಚೆ ಕಾಲು ಚಾಚಿ ಕೂರುತ್ತದೆ. ಸರಿಯಾದ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬಣ್ಣ ನೋಡಿ ಸಾಲಾಗಿ ಜೋಡಿಸಿದರೆ 3ಕ್ಕೆ ಹಸಿರು ಜೋಡಿಯ ತಂತಿ, 6ಕ್ಕೆ ನೀಲಿ ಜೋಡಿಯ ತಂತಿ ಬರುತ್ತದೆ. ಒಟ್ಟಿಗೆ ಕೆಲಸ ಮಾಡಬೇಕಾದ ಈ ಎರಡಕ್ಕೆ ಪರಸ್ಪರ ಹೊಸೆತವೇ ಇರುವುದಿಲ್ಲ.

ಮೋಜಿನ ಸಂಗತಿಯೆಂದರೆ ಎರಡೂ ತುದಿಗಳಲ್ಲಿ ಇದೇ ತಪ್ಪು ಮಾಡಿದ್ದರೆ ಅಗ್ಗದ ಕೇಬಲ್ ಟೆಸ್ಟರ್‌ನ ಎಂಟು ದೀಪಗಳೂ ಕ್ರಮವಾಗಿ ಹೊತ್ತುತ್ತವೆ. ತಂತಿ ಮುಟ್ಟಿದೆಯೇ ಎಂದಷ್ಟೇ ಅದಕ್ಕೆ ಗೊತ್ತು, ಯಾವುದರ ಜೊತೆ ಹೊಸೆದಿದೆ ಎಂದು ಗೊತ್ತಿಲ್ಲ. 'ಟೆಸ್ಟ್ ಮಾಡಿದ್ದೇನೆ ಸಾರ್, ಕೇಬಲ್ ಓಕೆ' ಎನ್ನುವ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ. ಗಿಡ್ಡ ಕೇಬಲ್ ಇಂಥ ತಪ್ಪನ್ನು ಸಹಿಸಿಕೊಂಡೀತು; ಮಹಡಿ ದಾಟಿ ಬಂದದ್ದು ಮುಗ್ಗರಿಸುತ್ತದೆ. ಕಾರ್ಖಾನೆಯಲ್ಲೇ ತುದಿ ಹಾಕಿದ ಕೇಬಲ್ ಒಂದನ್ನು ನೆಲದ ಮೇಲೆ ಎಳೆದು ನೋಡಿ. ಅದರಲ್ಲಿ ಟಿವಿ ಸುಸೂತ್ರ ನಡೆದರೆ ಗೋಡೆಯೊಳಗಿನದರ ಎರಡೂ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಪ್ಲಗ್‌ನ ಬಳಿ ಹೊಸೆತವನ್ನು ತೀರ ಅಗತ್ಯದಷ್ಟು ಮಾತ್ರ ಬಿಚ್ಚಲಿ.

ಎಲ್ಲ ಸರಿಯಾದ ಮೇಲೂ ಟಿವಿಯ ವೇಗ ಪರೀಕ್ಷೆ ಸುಮಾರು 94 ಎಂಬಿಪಿಎಸ್‌ಗೆ ನಿಂತರೆ ಮತ್ತೆ ಕತ್ತರಿ ಹಿಡಿಯಬೇಡಿ. ದುಬಾರಿ ಟಿವಿಗಳಲ್ಲೂ ಹೆಚ್ಚಾಗಿ ಇರುವುದು 100 ಎಂಬಿಪಿಎಸ್ ಕಿಂಡಿಯೇ. 4ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ ಅಷ್ಟೇ. ಬ್ಲೂ-ರೇ ಗುಣಮಟ್ಟದ ಭಾರೀ ಕಡತಗಳನ್ನು ಮನೆಯ ಸರ್ವರ್‌ನಿಂದ ನೋಡುವವರಿಗೆ ಮಾತ್ರ ಇದು ಇಕ್ಕಟ್ಟು. ಅಂಥವರು ಕೇಬಲ್ ಕಿತ್ತು 5 ಗಿಗಾಹರ್ಟ್ಸ್ ವೈಫೈಗೆ ಮರಳುವುದೇ ಲೇಸು.