ಮೇಪಲ್ ಸಿರಪ್: ಕೊನೆಯ ಎರಡು ಡಿಗ್ರಿಯ ಲೆಕ್ಕ

ಮೇಪಲ್ ಮರದ ರಸ ಕುದಿಸಿ ಮಾಡುವ ಸಿಹಿ ಪಾಕವೇ ಮೇಪಲ್ ಸಿರಪ್. ಆಲೆಮನೆ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲೂ ಇಲ್ಲೂ ಕೆಲಸ ಒಂದೇ, ರಸದಲ್ಲಿರುವ ನೀರನ್ನು ಓಡಿಸುವುದು. ಆದರೆ ಕಬ್ಬಿನ ಹಾಲಿನಲ್ಲಿ ಶೇ. 16ರಿಂದ 20ರಷ್ಟು ಸಕ್ಕರೆ ಇದ್ದರೆ ಮೇಪಲ್ ರಸದಲ್ಲಿ ಇರುವುದು ಸುಮಾರು ಶೇ. 2 ಮಾತ್ರ. ನೋಡಲು ನೀರು, ಕುಡಿದರೂ ಹೆಚ್ಚುಕಡಿಮೆ ನೀರೇ.

ಎಷ್ಟು ರಸಕ್ಕೆ ಎಷ್ಟು ಸಿರಪ್? 86ನ್ನು ರಸದ ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿ. ಶೇ. 2 ಇದ್ದರೆ ಒಂದು ಲೀಟರ್ ಸಿರಪ್‌ಗೆ 43 ಲೀಟರ್ ರಸ, ಶೇ. 1.5 ಇದ್ದರೆ 57, ಶೇ. 3 ಇದ್ದರೆ 29. ಅಂದರೆ ಶೇ. 2ರ ರಸವಾದರೆ 42 ಲೀಟರ್ ನೀರು ಆವಿಯಾಗಬೇಕು. ಒಲೆಯ ಅರ್ಧ ಶಾಖ ಗಾಳಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ ಇದಕ್ಕೆ ಬೇಕಾಗುವ ಗ್ಯಾಸ್ 5 ಕೆಜಿ ಹತ್ತಿರ. ನಮ್ಮೂರಿನ 14.2 ಕೆಜಿ ಸಿಲಿಂಡರಿನಲ್ಲಿ ಮೂರನೇ ಒಂದು ಪಾಲು, ಒಂದೇ ಲೀಟರಿಗೆ! ಅಮೆರಿಕದ ವರ್ಮಾಂಟ್, ಕೆನಡಾದ ಕ್ವಿಬೆಕ್, ಒಂಟಾರಿಯೊ ಕಡೆ ಹವ್ಯಾಸಿಗಳು ಸೌದೆ ಒಲೆ ಹೂಡುವುದು ಬರೀ ಶೋಕಿಗಲ್ಲ.

ಮರ ಗುರುತಿಸುವುದು

ರಸ ಇಳಿಸುವ ಕಾಲಕ್ಕೆ ಮರದಲ್ಲಿ ಎಲೆ ಇರುವುದಿಲ್ಲ. ಆದ್ದರಿಂದ ಹಿಂದಿನ ಶರತ್ಕಾಲದಲ್ಲೇ ಎಲೆ ನೋಡಿ ಕಾಂಡಕ್ಕೆ ದಾರ ಕಟ್ಟಿಡುವುದು ಜಾಣತನ. ಚಳಿಗಾಲದಲ್ಲಿ ನೋಡಬೇಕಾದರೆ ರೆಂಬೆಗಳು ಎದುರುಬದುರಾಗಿ ಜೋಡಿಯಾಗಿರಬೇಕು, ಮೊಗ್ಗು ಕಂದುಬಣ್ಣದ್ದಾಗಿ ಚೂಪಾಗಿರಬೇಕು. ಅದು ಶುಗರ್ ಮೇಪಲ್. ಕೆಂಪು ಮೇಪಲ್ಲೂ ಬೆಳ್ಳಿ ಮೇಪಲ್ಲೂ ಆಗುತ್ತವೆ, ಆದರೆ ಸಕ್ಕರೆ ಕಡಿಮೆ, ಬೇಗ ಚಿಗುರಿಬಿಡುತ್ತವೆ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ 30 ಸೆಂ.ಮೀ. ಇದ್ದರೆ ರಸ ಇಳಿಸಲು ಒಂದು ತೂತು, 45 ದಾಟಿದರೆ ಎರಡು. ಅದಕ್ಕಿಂತ ಹೆಚ್ಚಿನ ಆಸೆ ಬೇಡ.

ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಸೊನ್ನೆಗಿಂತ ನಾಲ್ಕೈದು ಡಿಗ್ರಿ ಮೇಲೆ: ಇವೆರಡೂ ಕೂಡಿದರೆ ಮಾತ್ರ ರಸ ಹರಿಯುತ್ತದೆ. ಮೇಪಲ್ ಕಾಂಡದ ನಾರುಕೋಶಗಳಲ್ಲಿ ಗಾಳಿ ತುಂಬಿರುತ್ತದೆ. ರಾತ್ರಿ ಹೆಪ್ಪುಗಟ್ಟುವಾಗ ನೀರು ಆ ಕೋಶಗಳೊಳಗೆ ಸರಿದು ಗಾಳಿಯನ್ನು ಅದುಮುತ್ತದೆ, ಬೇರಿನಿಂದ ಇನ್ನಷ್ಟು ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ. ಹಗಲು ಕರಗಿದಾಗ ಅದುಮಿದ ಗಾಳಿ ಹಿಗ್ಗಿ ರಸವನ್ನು ಹೊರಗೆ ತಳ್ಳುತ್ತದೆ. ರಾತ್ರಿಯ ಹೆಪ್ಪು ತಪ್ಪಿದರೆ ರಸ ನಿಂತುಬಿಡುತ್ತದೆ. ಈ ಹವೆ ಸಾಮಾನ್ಯವಾಗಿ ಫೆಬ್ರುವರಿಯಿಂದ ಏಪ್ರಿಲ್ ನಡುವೆ ಸಿಗುತ್ತದೆ.

ತೂತು

ಎಂಟು ಮಿ.ಮೀ. ಡ್ರಿಲ್ ಬಿಟ್, ನಾಲ್ಕರಿಂದ ಐದು ಸೆಂ.ಮೀ. ಆಳ, ರಸ ತಾನಾಗಿ ಹೊರಗೆ ಜಾರುವಂತೆ ತುಸು ಮೇಲ್ಮುಖ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತಿಸಿಕೊಳ್ಳಿ. ಹೊರಬರುವ ಪುಡಿ ಬಿಳಿ ಇಲ್ಲವೇ ಕೆನೆಬಣ್ಣದ್ದಿರಬೇಕು. ಕಂದು ಪುಡಿ ಬಂದರೆ ಅಲ್ಲಿನ ಮರ ಸತ್ತಿದೆ, ಜಾಗ ಬದಲಿಸಿ. ಸ್ಪೈಲ್ ಎಂಬ ಪುಟ್ಟ ಕೊಳವೆಯನ್ನು ಹಗುರವಾಗಿ ಬಡಿದು ಕೂರಿಸಬೇಕು. ಜೋರಾಗಿ ಬಡಿದರೆ ತೊಗಟೆ ಸೀಳಿ ರಸ ಕೊಳವೆ ಬಿಟ್ಟು ಸೀಳಿನಲ್ಲಿ ಸೋರುತ್ತದೆ. ತೂತು ಬೇಗ ಕೊರೆದಿಟ್ಟರೆ ಲಾಭವಿಲ್ಲ. ಸೂಕ್ಷ್ಮಜೀವಿಗಳು ಸೇರಿ ಕೆಲವು ವಾರಗಳಲ್ಲಿ ಅದು ಬತ್ತುತ್ತದೆ.

ರಸವನ್ನು ಹಾಲಿನಂತೆ ನೋಡಿಕೊಳ್ಳಿ: ಆಹಾರಕ್ಕೆ ಯೋಗ್ಯವಾದ ಬಕೆಟ್, ಮುಚ್ಚಳ, 4 ಡಿಗ್ರಿಗಿಂತ ಕಡಿಮೆ ತಂಪು, ವಾರದೊಳಗೆ ಕುದಿತ. ಹಳೆಯ ಬೆಸುಗೆಯ ತಗಡಿನ ಬಕೆಟ್ ಚಂದ ಕಂಡರೂ ಬೇಡ, ಬೆಸುಗೆಯಲ್ಲಿ ಸೀಸ ಇರಬಹುದು. ಬಕೆಟಿನಲ್ಲಿ ಮಂಜುಗಡ್ಡೆ ಕಟ್ಟಿದ್ದರೆ ಎತ್ತಿ ಎಸೆಯಿರಿ. ಸಕ್ಕರೆಯ ಬಹುಪಾಲು ಹೆಪ್ಪುಗಟ್ಟದ ರಸದಲ್ಲೇ ಉಳಿಯುತ್ತದೆ, ನಿಮಗೆ ಅಷ್ಟು ಸೌದೆ ಉಳಿತಾಯ.

ಕುದಿಸುವುದು

ಆಳದ ಹಂಡೆ ಬೇಡ, ಅಗಲವಾದ ಸ್ಟೀಲ್ ತಟ್ಟೆಪಾತ್ರೆ ಬೇಕು. ಆವಿ ಏಳುವುದು ಮೇಲ್ಮೈಯಿಂದ. ರಸದ ಮಟ್ಟ ನಾಲ್ಕೈದು ಸೆಂ.ಮೀ. ಇರಲಿ, ಎರಡೂವರೆಗಿಂತ ಕೆಳಗಿಳಿದರೆ ತಳ ಹಿಡಿದು ಸೀಯುತ್ತದೆ. ಸೀದ ವಾಸನೆಯನ್ನು ತೆಗೆಯುವ ಉಪಾಯವಿಲ್ಲ. ತಣ್ಣನೆ ರಸವನ್ನು ಒಮ್ಮೆಲೇ ಸುರಿದರೆ ಕುದಿ ನಿಲ್ಲುತ್ತದೆ, ಪಕ್ಕದ ಪಾತ್ರೆಯಲ್ಲಿ ಬಿಸಿಮಾಡಿ ಸ್ವಲ್ಪಸ್ವಲ್ಪವೇ ಸೇರಿಸಿ. ನೊರೆ ಉಕ್ಕಿದರೆ ಒಂದು ಹನಿ ಬೆಣ್ಣೆ ಸಾಕು. ಇದೆಲ್ಲ ಮನೆಯ ಹೊರಗೆ. ಅಡುಗೆಮನೆಯಲ್ಲಿ 42 ಲೀಟರ್ ಆವಿ ಬಿಟ್ಟರೆ ಗೋಡೆಯ ಕಾಗದ ಸುಲಿದು ಬರುತ್ತದೆ.

ಈಗ ಮುಖ್ಯ ವಿಷಯ. ಸಿರಪ್ ಹದಕ್ಕೆ ಬರುವುದು ನೀರಿನ ಕುದಿಬಿಂದುವಿಗಿಂತ 4 ಡಿಗ್ರಿ ಮೇಲೆ, ಸಮುದ್ರಮಟ್ಟದಲ್ಲಿ 104 ಡಿಗ್ರಿ ಸೆಲ್ಸಿಯಸ್. ರಸದಲ್ಲಿ ಅರ್ಧದಷ್ಟು ಸಕ್ಕರೆಯಾಗುವ ಹೊತ್ತಿಗೆ 41 ಲೀಟರಿಗೂ ಹೆಚ್ಚು ನೀರು ಹೋಗಿರುತ್ತದೆ, ಆದರೆ ಥರ್ಮಾಮೀಟರ್ ಏರಿರುವುದು ಎರಡೇ ಡಿಗ್ರಿ. ಉಳಿದ ಎರಡು ಡಿಗ್ರಿಗೆ ಆರಬೇಕಾದದ್ದು ಅರ್ಧ ಲೀಟರಿಗೂ ಕಡಿಮೆ ನೀರು! ದಿನವಿಡೀ ಏನೂ ಆಗದೆ ಕೊನೆಯ ಕೆಲವೇ ನಿಮಿಷಗಳಲ್ಲಿ ಎಲ್ಲ ಆಗುವುದು ಇದಕ್ಕೇ. ಆದ್ದರಿಂದ 102 ಮುಟ್ಟಿದಾಗ ದಪ್ಪ ತಳದ ಸಣ್ಣ ಪಾತ್ರೆಗೆ ಸುರಿದು, ಮನೆಯೊಳಗೆ ಸಣ್ಣ ಉರಿಯಲ್ಲಿ, ಕದಲದೆ ನಿಂತು ಮುಗಿಸಬೇಕು.

104 ಎಂಬುದನ್ನು ಬಾಯಿಪಾಠ ಮಾಡಬೇಡಿ. ಎತ್ತರ 300 ಮೀಟರ್ ಹೆಚ್ಚಿದರೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ವಾಯುಭಾರ ಬದಲಾದರೂ ಸರಿಯುತ್ತದೆ, ಥರ್ಮಾಮೀಟರಿನದೂ ಒಂದಿಷ್ಟು ತಪ್ಪು ಇರುತ್ತದೆ. ಅದೇ ದಿನ, ಅದೇ ಥರ್ಮಾಮೀಟರಿನಲ್ಲಿ ಕುದಿಯುವ ನೀರು ಅಳೆದು ಅದಕ್ಕೆ 4 ಕೂಡಿಸಿ. ಜಾಮೂನಿನ ಪಾಕದಂತೆ ಬೆರಳಲ್ಲಿ ಎಳೆ ನೋಡುತ್ತ ಕೂತರೆ ಹದ ದಾಟಿಹೋಗುತ್ತದೆ. ಗುರಿ ಶೇ. 66ರಿಂದ 68.9 ಸಕ್ಕರೆ. ಕಡಿಮೆಯಾದರೆ ಬಾಟಲಿಯಲ್ಲಿ ಹುಳಿ ಬರುತ್ತದೆ, ಬೂಸಲು ಕಟ್ಟುತ್ತದೆ. ಹೆಚ್ಚಾದರೆ ತಳದಲ್ಲಿ ಕಲ್ಲುಸಕ್ಕರೆಯಂತೆ ಹರಳುಗಟ್ಟುತ್ತದೆ. ಹರಳಿಗೆ ಸ್ವಲ್ಪ ರಸ ಬೆರೆಸಿ ಮತ್ತೆ ಕಾಯಿಸಿದರಾಯಿತು, ಬೂಸಲು ಬಂದದ್ದನ್ನು ಚೆಲ್ಲಬೇಕು. ಸಿರಪ್‌ಗೆಂದೇ ಇರುವ ಹೈಡ್ರೊಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುಕಡ್ಡಿ) ಕೊಂಡರೆ ಈ ಅನುಮಾನಗಳೇ ಇಲ್ಲ.

ಸೋಸುವುದು

ಕುದಿಯುವಾಗ ಕ್ಯಾಲ್ಸಿಯಂ ಮ್ಯಾಲೇಟ್ ಎಂಬ ಲವಣ ಮರಳಿನಂತೆ ಬೇರ್ಪಡುತ್ತದೆ. ಸೀರೆ ಬಟ್ಟೆಯಲ್ಲಿ ಅದು ನಿಲ್ಲದು, ಫೆಲ್ಟ್ ಎಂಬ ಒತ್ತಿದ ನಾರಿನ ಬಟ್ಟೆಯ ದಪ್ಪ ಸೋಸಣಿ ಬೇಕು. ಸೋಸಣಿಯನ್ನು ಬಿಸಿನೀರಲ್ಲಿ ತೋಯಿಸಿ, ಸಿರಪ್ ಬಿಸಿಯಿದ್ದಾಗಲೇ ಸುರಿದು ತಾನಾಗಿ ಇಳಿಯಲು ಬಿಡಿ. ಹಿಂಡಿದರೆ ಮರಳು ತೂರಿಬರುತ್ತದೆ. ಆಮೇಲೆ ಬರೀ ಬಿಸಿನೀರಲ್ಲಿ ತೊಳೆಯಿರಿ, ಸೋಪು ಮುಟ್ಟಿಸಿದರೆ ಮುಂದಿನ ಸಿರಪ್‌ಗೆ ಸೋಪಿನ ರುಚಿ. 82ರಿಂದ 85 ಡಿಗ್ರಿಯಲ್ಲಿ ಬಾಟಲಿಗೆ ತುಂಬಿ, ಮುಚ್ಚಿ, ಬಿಸಿ ಸಿರಪ್ ಮುಚ್ಚಳಕ್ಕೆ ತಾಗುವಂತೆ ಸ್ವಲ್ಪ ಹೊತ್ತು ಮಲಗಿಸಿ. ಕುದಿಯುವಷ್ಟು ಮತ್ತೆ ಕಾಯಿಸಿದರೆ ಹೊಸದಾಗಿ ಮರಳು ಹುಟ್ಟುತ್ತದೆ. ತೆರೆದ ಬಾಟಲಿ ಫ್ರಿಜ್ಜಿಗೆ.

ಮೊದಲ ವಾರಗಳ ಸಿರಪ್ ಹೊಂಬಣ್ಣ, ಕೊನೆಯದು ಕಡುಗಂದು. ಹವೆ ಬೆಚ್ಚಗಾದಂತೆ ಸೂಕ್ಷ್ಮಜೀವಿಗಳು ರಸದ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ, ಅವು ಕುದಿಯುವಾಗ ಬೇಗ ಕಪ್ಪಾಗುತ್ತವೆ. ಕಪ್ಪಾದದ್ದು ಕೆಟ್ಟದ್ದಲ್ಲ. ಜೋನಿಬೆಲ್ಲದ ನಾಲಿಗೆಗೆ ಅದೇ ಹೆಚ್ಚು ಹಿಡಿಸೀತು. ಆದರೆ ಮೊಗ್ಗು ಊದತೊಡಗಿದ ಮೇಲೆ ಬರುವ ರಸಕ್ಕೆ ಕುದಿಸಿದಾಗ ಕೆಟ್ಟ ವಾಸನೆ. ಆ ಹೊತ್ತಿಗೆ ಸ್ಪೈಲ್ ಕಿತ್ತುಬಿಡಿ. ತೂತಿಗೆ ಬೆಣೆ, ಮೇಣ ಏನೂ ಬೇಡ, ಮರವೇ ಒಂದೆರಡು ವರ್ಷದಲ್ಲಿ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷದ ತೂತು ಅದರಿಂದ ದೂರ, ಅದೇ ನೇರದಲ್ಲಂತೂ ಬೇಡ.