ಎಲ್ಲ ಹೊಟ್ಟೆಬೇನೆಗೂ ಸೋಲಿಗರ ಒಂದೇ ಬೇರು?

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹತ್ತಿರ ಹೊಟ್ಟೆಯ ಎಲ್ಲ ತೊಂದರೆಗೂ ಆಗುವ ಒಂದು ಬೇರು ಇದೆಯಂತೆ. ಅದರ ಹೆಸರೇನು?

ಉತ್ತರ: ಅಂಥ ಬೇರು ಇಲ್ಲ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತಿರುವುದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ನೀವು ಕೇಳಿರುವುದು ಬಹುಶಃ ಮಾಗಳಿ ಬೇರಿನ ವಿಚಾರ. ಉಪ್ಪಿನಕಾಯಿಗೆ ಹಾಕುವ ಆ ಘಾಟು ಪರಿಮಳದ ಬೇರನ್ನು ಬಾಯಿರುಚಿಗೆ, ಹಸಿವಿಗೆ ಬಳಸುತ್ತಾರೆ. ಅಷ್ಟಕ್ಕೇ ಅದು ಸರ್ವರೋಗದ ಮದ್ದಾಗಿಬಿಟ್ಟಿದೆ! ಮಲಬದ್ಧತೆಗೆ ಸಡಿಲಿಸುವ ಮದ್ದು ಬೇಕು, ಭೇದಿಗೆ ಕಟ್ಟುವ ಮದ್ದು ಬೇಕು. ಒಂದೇ ಬೇರನ್ನು ಒಂದೇ ರೀತಿ ಕೊಟ್ಟರೆ ಎರಡಕ್ಕೂ ಹೇಗಾದೀತು?

ಸೋಲಿಗರು ಕಾಡಿನಿಂದ ತರುವ ಅಳಲೆಕಾಯಿಯನ್ನೇ ನೋಡಿ. ಅದರ ಸಿಪ್ಪೆಯಲ್ಲಿ ಬಾಯಿ ಒಗರಾಗಿಸುವ ಟ್ಯಾನಿನ್ ಇದೆ, ಮಲ ಸಡಿಲಿಸುವ ಅಂಶಗಳೂ ಇವೆ. ಜಗಿದು ತಿಂದರೆ ಹಸಿವು, ಅರೆದು ತಿಂದರೆ ಭೇದಿ, ಬೇಯಿಸಿ ತಿಂದರೆ ಕಟ್ಟು ಎನ್ನುತ್ತದೆ ಆಯುರ್ವೇದದ ಹಳೆಯ ಶ್ಲೋಕ. ಕಾಯಿ ಒಂದೇ, ಸಿದ್ಧಪಡಿಸುವ ಕ್ರಮ ಬದಲಾದರೆ ಗುಣ ತಿರುಗುಮುರುಗು. ಗರ್ಭಿಣಿಯರಿಗೆ, ಉಪವಾಸದಿಂದ ಸೊರಗಿದವರಿಗೆ ಕೊಡಬಾರದೆಂದೂ ಆಯುರ್ವೇದವೇ ಹೇಳಿದೆ. ಬರೀ ಹೆಸರು ಕೇಳಿಕೊಂಡು ಹೋಗಿ, ಭೇದಿ ಹತ್ತಿದ ಮಗುವಿಗೆ ಅಳಲೆಪುಡಿ ನೆಕ್ಕಿಸಿದರೆ ಏನಾಗುತ್ತದೆ, ನೀವೇ ಯೋಚಿಸಿ. ಆ ಮಗುವಿಗೆ ಮೊದಲು ಬೇಕಾದದ್ದು ನೀರು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬೇರಿನ ಹೆಸರು ಕೇಳುವವರು ಆ ಗಿಡಮರಗಳ ಗತಿ ಏನಾಗಿದೆ ಎಂದು ಮಾತ್ರ ಕೇಳುವುದಿಲ್ಲ. ಬೇರು ಕಿತ್ತರೆ ಮಾಗಳಿ ಬಳ್ಳಿಯೇ ಹೋಗುತ್ತದೆ. ಬೆಟ್ಟದ ನೆಲ್ಲಿಮರಗಳ ಕಥೆ ಬೇರೆ. ಕೊಂಬೆಯ ಮೇಲೆ ಉಪ್ಪಿಲು ಎಂಬ ಬಂದಳಿಕೆ ಬೇರೂರಿ ರಸ ಹೀರುತ್ತದೆ, ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಮರವೇ ಒಣಗುತ್ತದೆ. ಹಿಂದೆ ಬೇಸಿಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿ (ಉದುರಿದ ಒಣ ಎಲೆಗೆ ಹಾಕುವ ಸಣ್ಣ ಬೆಂಕಿ) ಉಪ್ಪಿಲನ್ನೂ ಲಂಟಾನ ಎಂಬ ಕಳೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು, ಅದನ್ನು ನಿಷೇಧಿಸಿದ ಮೇಲೆ ಎರಡೂ ಹೆಚ್ಚಿದವು ಎನ್ನುತ್ತಾರೆ ಸೋಲಿಗರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಗ್ರಾಮಸಭೆಗಳಿಗೆ ಕಾಡಿನ ಮೇಲೆ ಸಮುದಾಯ ಹಕ್ಕು ಸಿಕ್ಕಿದೆ. ಬೆಂಕಿಯ ಬಗ್ಗೆ ಅವರು ಹೇಳುವ ಮಾತಿಗೂ ಅರಣ್ಯ ನಿರ್ವಹಣೆಯಲ್ಲಿ ಜಾಗ ಸಿಗಬೇಕು. ಇಲ್ಲದಿದ್ದರೆ ಹಕ್ಕು ಕಾಗದದ ಮೇಲಿರುತ್ತದೆ, ಮರದಲ್ಲಿ ಕಾಯಿ ಇರುವುದಿಲ್ಲ.